ತೂಸಾನ್ ಲೂವೆರ್ತೂರ್ : ಬಿಡುಗಡೆಗೆ ತೆತ್ತ ಬೆಲೆ

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣೆದುರು ಕ್ರಿಕೆಟ್ ಆಟಗಾರರು ಬಂದು ನಿಲ್ಲುತ್ತಾರೆ. ಅದೇ ದ್ವೀಪಸಮೂಹದಲ್ಲಿ ಕ್ರಿಕೆಟ್ಟಿನ ಗಂಧವಿಲ್ಲದ, ಫ್ರೆಂಚ್ ಮತ್ತು ಕ್ರಿಯೋಲ್ ನುಡಿಗಳನ್ನಾಡುವ ನಾಡೊಂದುಂಟು. ಅದು ಹೈಟಿ. ವೃತ್ತಪತ್ರಿಕೆಗಳಲ್ಲಿ ಆ ಹೆಸರು ಕಾಣಿಸಿಕೊಳ್ಳುವುದು ಭೂಕಂಪವಾದಾಗ, ಹಸಿದವರು ಬೀದಿಗಿಳಿದಾಗ, ಇಲ್ಲವೆ ಸರ್ಕಾರವೊಂದು ಉರುಳಿದಾಗ. ಅಮೆರಿಕ ಖಂಡಗಳಲ್ಲಿ ಅದಕ್ಕಿಂತ ಬಡದೇಶ ಇನ್ನೊಂದಿಲ್ಲವೆಂದು ಅಂಕಿ ಅಂಶಗಳು ಹೇಳುತ್ತವೆ. ಆದರೆ 1780ರ ದಶಕದಲ್ಲಿ ಇದೇ ನೆಲ ಯೂರೋಪಿನವರ ಪಾಲಿಗೆ ಜಗತ್ತಿನ ಅತ್ಯಂತ ಲಾಭದಾಯಕ ವಸಾಹತುವಾಗಿತ್ತು. ಅಂದಿನ ಆ ಸಿರಿಗೂ ಇಂದಿನ ಈ ಬಡತನಕ್ಕೂ ಇರುವ ನಂಟನ್ನು ಅರಿಯಬಯಸುವವರು ತೂಸಾನ್ ಲೂವೆರ್ತೂರನ ಜೀವನವನ್ನು ಓದಬೇಕು.

ದ್ವೀಪದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1492ರಲ್ಲಿ ಕೊಲಂಬಸನು ಕಾಲಿಟ್ಟು ಹಿಸ್ಪಾನಿಯೋಲಾ ಎಂದು ಹೆಸರಿಟ್ಟ ದ್ವೀಪವಿದು. ಅಲ್ಲಿನ ಮೂಲನಿವಾಸಿಗಳಾದ ತೈನೊ ಜನರು ಸ್ಪೇನಿನವರ ಬಲವಂತದ ದುಡಿಮೆಗೂ ಯೂರೋಪಿನಿಂದ ಬಂದ ರೋಗಗಳಿಗೂ ತುತ್ತಾಗಿ ಅರ್ಧ ಶತಮಾನದಲ್ಲಿ ಬಹುಮಟ್ಟಿಗೆ ಅಳಿದುಹೋದರು. 1697ರ ರೈಸ್ವಿಕ್ ಒಪ್ಪಂದದಿಂದ ದ್ವೀಪದ ಪಶ್ಚಿಮ ಭಾಗ ಫ್ರಾನ್ಸಿಗೆ ದಕ್ಕಿತು. ಫ್ರೆಂಚರು ಅದನ್ನು ಸಾನ್-ದೊಮಾಂಗ್ ಎಂದು ಕರೆದು, ಕಬ್ಬು ಕಾಫಿಗಳ ತೋಟಗಳನ್ನೆಬ್ಬಿಸಿ, ದುಡಿಯಲು ಆಫ್ರಿಕದಿಂದ ಹಡಗುಗಳಲ್ಲಿ ಮನುಷ್ಯರನ್ನು ತುಂಬಿಸಿ ತಂದರು.

ನಮ್ಮ ಕಡೆಯ ಆಲೆಮನೆಯನ್ನು ಕಂಡವರಿಗೆ ಆ ತೋಟಗಳ ಕೆಲಸವನ್ನು ಬಹಳವಾಗಿ ವರ್ಣಿಸಬೇಕಾಗಿಲ್ಲ. ಕಡಿದ ಕಬ್ಬು ಒಣಗುವ ಮುನ್ನ ಗಾಣಕ್ಕೆ ಹೋಗಬೇಕು, ಹಿಂಡಿದ ಹಾಲು ಹುಳಿಯುವ ಮುನ್ನ ಕೊಪ್ಪರಿಗೆಗೆ ಬೀಳಬೇಕು, ಒಲೆ ಆರಕೂಡದು. ನಮ್ಮಲ್ಲಿ ಆ ಕೆಲವು ವಾರಗಳ ದುಡಿಮೆಯ ಕೊನೆಗೆ ಬೆಲ್ಲದ ಸಂಭ್ರಮವಿರುತ್ತದೆ. ಅಲ್ಲಿ ಹಗಲಿರುಳೆನ್ನದೆ, ಚಾವಟಿಯ ಕೆಳಗೆ, ತಿಂಗಳುಗಟ್ಟಲೆ ನಡೆಯುತ್ತಿದ್ದ ದುಡಿಮೆಯಲ್ಲಿ ದುಡಿದವನಿಗೆ ಸೇರುವುದು ಏನೂ ಇರಲಿಲ್ಲ. ನಿದ್ದೆಗಣ್ಣಿನಲ್ಲಿ ಗಾಣಕ್ಕೆ ಕೈ ಸಿಕ್ಕಿಸಿಕೊಂಡವನ ತೋಳನ್ನು ಕತ್ತರಿಸಿ ಗಾಣವನ್ನು ಮುಂದುವರಿಸುತ್ತಿದ್ದರು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚಾಗಿದ್ದುದರಿಂದ ವರ್ಷವರ್ಷವೂ ಹೊಸ ಗುಲಾಮರು ಬೇಕಾಗುತ್ತಿದ್ದರು. 1789ರ ವೇಳೆಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರು, 30 ಸಾವಿರದಷ್ಟು ಬಿಳಿಯರು, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಸ್ವತಂತ್ರ ಕರಿಯರೂ ಮಿಶ್ರವರ್ಣದವರೂ ಇದ್ದರು. ಯೂರೋಪು ಬಳಸುತ್ತಿದ್ದ ಸಕ್ಕರೆಯಲ್ಲಿ ಸುಮಾರು ಶೇಕಡಾ 40ರಷ್ಟು, ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ವಸಾಹತುವಿನಿಂದ ಹೋಗುತ್ತಿತ್ತು. ಬೋರ್ದೋ, ನಾಂತ್ ಮೊದಲಾದ ಫ್ರೆಂಚ್ ಬಂದರುಗಳ ಭವ್ಯ ಸೌಧಗಳು ಈ ವ್ಯಾಪಾರದಲ್ಲಿ ಎದ್ದುವು.

ಇಂತಹ ನೆಲದಲ್ಲಿ, ಕ್ಯಾಪ್ ಪಟ್ಟಣದ ಸಮೀಪದ ಬ್ರೆಡಾ ಎಂಬ ತೋಟದಲ್ಲಿ, ಸುಮಾರು 1743ರಲ್ಲಿ ತೂಸಾನನು ಗುಲಾಮ ದಂಪತಿಗಳ ಮಗನಾಗಿ ಹುಟ್ಟಿದನು. ತೂಸಾನ್ ಎಂಬುದು ಕ್ರೈಸ್ತರ ಸರ್ವಸಂತರ ಹಬ್ಬದ ಫ್ರೆಂಚ್ ಹೆಸರು. ತಂದೆಯು ಪಶ್ಚಿಮ ಆಫ್ರಿಕದ ಅಲ್ಲಾಡಾ ಎಂಬ ಸೀಮೆಯಿಂದ ಸೆರೆಯಾಗಿ ಬಂದವನೆಂದು ಮನೆತನದ ನಂಬುಗೆ. ಹುಡುಗನು ಮೈಯಲ್ಲಿ ಕೃಶನಾಗಿದ್ದನು. ಕಬ್ಬಿನ ಗದ್ದೆಗೆ ದೂಡಲ್ಪಡದೆ ದನಕುದುರೆಗಳ ಆರೈಕೆಗೆ ನೇಮಕಗೊಂಡದ್ದು ಆತನ ಪುಣ್ಯವೆನ್ನಬೇಕು. ಗಿಡಮೂಲಿಕೆಗಳ ಗುಣವನ್ನರಿತನು, ಓದು ಬರಹವನ್ನು ಅಷ್ಟಿಷ್ಟು ಕಲಿತನು, ಕುದುರೆ ಸವಾರಿಯಲ್ಲಿ ಸರಿಸಾಟಿಯಿಲ್ಲದವನಾದನು. ತೋಟದ ಮೇಲ್ವಿಚಾರಕನಾದ ಬಾಯೊನ್ ದ ಲಿಬೆರ್ತಾ ಆತನನ್ನು ತನ್ನ ಗಾಡಿಯ ಸಾರಥಿಯನ್ನಾಗಿ ಮಾಡಿಕೊಂಡನು. ಸುಮಾರು 1776ರ ವೇಳೆಗೆ ತೂಸಾನನು ದಾಸ್ಯದಿಂದ ಮುಕ್ತನಾಗಿದ್ದನು.

ಇಲ್ಲಿ ಜೀವನಚರಿತ್ರೆ ಬರೆಯುವವರು ಹಿಂದೆಲ್ಲ ಅರಿಯದೆ ದಾಟಿಹೋಗುತ್ತಿದ್ದ, ಈಗ ದಾಖಲೆಗಳಿಂದ ದೃಢಪಟ್ಟಿರುವ ಸಂಗತಿಯೊಂದನ್ನು ಮರೆಮಾಚದೆ ಹೇಳಬೇಕು. ಬಿಡುಗಡೆ ಹೊಂದಿದ ತೂಸಾನನು 1779ರಲ್ಲಿ ಚಿಕ್ಕದೊಂದು ಕಾಫಿ ತೋಟವನ್ನು ಗೇಣಿಗೆ ಹಿಡಿದನು. ತೋಟದೊಡನೆ ಹನ್ನೆರಡಕ್ಕೂ ಮಿಕ್ಕ ಗುಲಾಮರೂ ಆತನ ಕೈಕೆಳಗೆ ಬಂದರು. ಮಹಾಪುರುಷರನ್ನು ಹುಟ್ಟಿನಿಂದಲೇ ನಿಷ್ಕಳಂಕರೆಂದು ಚಿತ್ರಿಸುವುದು ನಮ್ಮ ಅಭ್ಯಾಸ. ಅಸಮಾನತೆಯ ವ್ಯವಸ್ಥೆಯೊಂದು ತನ್ನ ಅಡಿಯಲ್ಲಿ ನರಳಿದವನಿಂದಲೂ ತನ್ನ ಕೆಲಸವನ್ನು ಮಾಡಿಸಿಕೊಳ್ಳುತ್ತದೆಂಬುದನ್ನು ಈ ಒಂದು ಗೇಣಿಪತ್ರ ತೋರಿಸುವಷ್ಟು ಯಾವ ಉಪನ್ಯಾಸವೂ ತೋರಿಸಲಾರದು.

1791ರ ಆಗಸ್ಟ್ 22ರ ರಾತ್ರಿ ಉತ್ತರ ಸೀಮೆಯ ಗುಲಾಮರು ದಂಗೆಯೆದ್ದರು. ಕೆಲವೇ ವಾರಗಳಲ್ಲಿ ನೂರಾರು ತೋಟಗಳು ಬೂದಿಯಾದುವು. ತೂಸಾನನು ಮೊದಲ ದಿನಗಳಲ್ಲಿ ಬ್ರೆಡಾ ತೋಟವನ್ನು ಬೆಂಕಿಯಿಂದ ಕಾಪಾಡಿದನು. ಬಾಯೊನನ ಪತ್ನಿಯನ್ನು ಸುರಕ್ಷಿತ ಸ್ಥಳಕ್ಕೆ ಕಳುಹಿಸಿಕೊಟ್ಟನು. ಆಮೇಲೆ ದಂಗೆಯ ಪಾಳೆಯವನ್ನು ಸೇರಿದನು. ಆಗ ಆತನಿಗೆ 50ರ ಹತ್ತಿರದ ವಯಸ್ಸು. ಸೇರಿದ್ದು ವೈದ್ಯನಾಗಿ. ಅದೇ ವರ್ಷದ ಕೊನೆಯಲ್ಲಿ ದಂಗೆಯ ನಾಯಕರು ಸಂಧಾನಕ್ಕೆ ಕುಳಿತರು. ಮುಂದಾಳುಗಳಾದ ಕೆಲವರಿಗೆ ಮಾತ್ರ ಬಿಡುಗಡೆಯಿತ್ತರೆ ಉಳಿದವರನ್ನು ತೋಟಗಳಿಗೆ ಹಿಂದಿರುಗಿಸುವುದಾಗಿ ಅವರು ಮುಂದಿಟ್ಟ ಸಲಹೆಯಲ್ಲಿ ತೂಸಾನನ ಪಾಲೂ ಇತ್ತು. ಬಿಳಿಯ ತೋಟಗಾರರ ಸಭೆಯು ಅಹಂಕಾರದಿಂದ ಅದನ್ನೂ ತಳ್ಳಿಹಾಕಿತು. ಆ ತಿರಸ್ಕಾರವೇ ಆತನಿಗೆ ಪಾಠವಾಯಿತೆಂದು ನನ್ನ ಭಾವನೆ. ಕೆಲವರ ಬಿಡುಗಡೆಗೆ ಅರ್ಥವಿಲ್ಲ, ಎಲ್ಲರದೂ ಆಗಬೇಕು ಎಂಬ ನಿಲುವಿಗೆ ಆತನು ಬಂದದ್ದು ಅದರ ನಂತರ. 1793ರ ಆಗಸ್ಟ್ 29ರಂದು ಹೊರಡಿಸಿದ ಘೋಷಣೆಯಲ್ಲಿ ಆತನು ಸರ್ವರ ಸ್ವಾತಂತ್ರ್ಯ ಮತ್ತು ಸಮಾನತೆಗಳನ್ನು ಸಾರಿ, ಲೂವೆರ್ತೂರ್ ಎಂಬ ಹೆಸರನ್ನು ಮುಂದಿಟ್ಟುಕೊಂಡನು. ಬಾಗಿಲು ತೆರೆಯುವುದೆಂದು ಅದರ ಅರ್ಥ.

ಮುಂದಿನ 8 ವರ್ಷಗಳ ಯುದ್ಧಗಳು ಗೋಜಲಾದುವು. ಸೇನಾಶಾಸ್ತ್ರದಲ್ಲಿ ಆಸಕ್ತರಾದವರು ವಿವರವಾಗಿ ಓದಿಕೊಳ್ಳಬಹುದು. ತೂಸಾನನು ಮೊದಲು ಸ್ಪೇನಿನ ಪಕ್ಷದಲ್ಲಿ ನಿಂತು ಫ್ರೆಂಚರೊಡನೆ ಕಾದಿದನು. 1794ರ ಫೆಬ್ರವರಿ 4ರಂದು ಪ್ಯಾರಿಸಿನ ಕ್ರಾಂತಿಕಾರಿ ಸಭೆಯು ಗುಲಾಮಗಿರಿಯನ್ನು ರದ್ದುಗೊಳಿಸಿತು. ಆತನು ಮೇ ತಿಂಗಳಲ್ಲಿ ಫ್ರೆಂಚರ ಕಡೆಗೆ ತಿರುಗಿದನು. ದ್ವೀಪವನ್ನು ಕಬಳಿಸಲು ಬಂದಿದ್ದ ಬ್ರಿಟಿಷರು 1798ರಲ್ಲಿ ಆತನೊಡನೆ ಸಂಧಿ ಮಾಡಿಕೊಂಡು ತೆರಳಬೇಕಾಯಿತು. ದಕ್ಷಿಣದ ಮಿಶ್ರವರ್ಣೀಯ ನಾಯಕ ರಿಗೋನನ್ನು ಸೋಲಿಸಿ, 1801ರ ಆರಂಭದಲ್ಲಿ ದ್ವೀಪದ ಸ್ಪ್ಯಾನಿಷ್ ಭಾಗವನ್ನೂ ವಶಪಡಿಸಿಕೊಂಡು, ಹಳೆಯ ಸಾರಥಿಯು ಇಡೀ ಹಿಸ್ಪಾನಿಯೋಲಾದ ಒಡೆಯನಾದನು.

ಇನ್ನು ಆತನ ಬಾಳಿನ ಅತ್ಯಂತ ಕಠಿನವಾದ ಅಧ್ಯಾಯ. ಯುದ್ಧದಿಂದ ನಾಡು ಬೆಂದಿತ್ತು. ಫ್ರಾನ್ಸು ಎಂದಾದರೊಮ್ಮೆ ದಾಸ್ಯವನ್ನು ಮರಳಿ ಹೇರಲು ಬಂದೇ ಬರುವುದೆಂದು ತೂಸಾನನಿಗೆ ಅನುಮಾನವಿರಲಿಲ್ಲ. ಅದನ್ನೆದುರಿಸಲು ಸೈನ್ಯ ಬೇಕು. ಸೈನ್ಯಕ್ಕೆ ಕೋವಿ ಮದ್ದು ಬೇಕು. ಅವುಗಳನ್ನು ಅಮೆರಿಕದ ವರ್ತಕರಿಂದ ಕೊಳ್ಳಲು ಹಣ ಬೇಕು. ಹಣ ಬರುವುದು ಸಕ್ಕರೆ ಕಾಫಿಗಳ ರಫ್ತಿನಿಂದ. ಆದ್ದರಿಂದ ದೊಡ್ಡ ತೋಟಗಳು ಉಳಿಯಬೇಕೆಂದು ಆತನು ನಿಶ್ಚಯಿಸಿದನು. 1800ರ ಅಕ್ಟೋಬರಿನಲ್ಲಿ ಹೊರಡಿಸಿದ ಕಾನೂನಿನಂತೆ ಕೃಷಿಕಾರ್ಮಿಕರು ಸೈನಿಕರ ಶಿಸ್ತಿಗೊಳಪಟ್ಟರು. ತಮ್ಮ ತೋಟವನ್ನು ಬಿಟ್ಟು ಹೋಗುವಂತಿರಲಿಲ್ಲ. ಚಾವಟಿ ನಿಷಿದ್ಧವಾಯಿತು, ಬೆಳೆಯಲ್ಲಿ ನಾಲ್ಕನೆಯ ಒಂದು ಪಾಲು ದುಡಿದವರಿಗೆ ಸಲ್ಲಬೇಕಾಯಿತು. ಅದು ದಾಸ್ಯವಲ್ಲ, ನಿಜ. ಆದರೆ 1801ರ ಫೆಬ್ರವರಿಯ ಇನ್ನೊಂದು ಆಜ್ಞೆ 50 ಕಾರೊಗಳಿಗಿಂತ, ಎಂದರೆ ಸುಮಾರು 160 ಎಕರೆಗಳಿಗಿಂತ, ಕಡಿಮೆ ನೆಲವನ್ನು ಕೊಳ್ಳುವುದನ್ನೇ ನಿಷೇಧಿಸಿತು. ಬಡ ಕಾರ್ಮಿಕರು ನಾಲ್ಕಾರು ಮಂದಿ ಒಟ್ಟುಗೂಡಿ ತುಂಡು ನೆಲ ಕೊಂಡು ಗೆಣಸು ಬಾಳೆ ಬೆಳೆದುಕೊಳ್ಳುವ ದಾರಿಯೂ ಮುಚ್ಚಿತು. ಅದೇ ವರ್ಷದ ಸಂವಿಧಾನ ಗುಲಾಮಗಿರಿಯನ್ನು ಶಾಶ್ವತವಾಗಿ ಅಳಿಸಿಹಾಕಿತು. ತೂಸಾನನನ್ನು ಯಾವಜ್ಜೀವ ರಾಜ್ಯಪಾಲನನ್ನಾಗಿಯೂ ಮಾಡಿತು.

ತೋಟಗಳ ಗುತ್ತಿಗೆ ಯಾರಿಗೆ ಹೋಯಿತು? ಬಹುಮಟ್ಟಿಗೆ ತೂಸಾನನ ಸೇನಾಧಿಕಾರಿಗಳಿಗೆ; ಕರೆಸಿಕೊಳ್ಳಲ್ಪಟ್ಟು ಹಿಂದಿರುಗಿದ ಕೆಲವು ಬಿಳಿಯ ಒಡೆಯರಿಗೆ. ನಿನ್ನೆಯ ಗುಲಾಮನು ಇಂದು ಸ್ವತಂತ್ರ ಪ್ರಜೆ. ಆದರೆ ಅದೇ ತೋಟ, ಅದೇ ಗಾಣ, ಅದೇ ಗಂಟೆಯ ಸದ್ದು. ಕಾಯಕ ತತ್ತ್ವದ ನೆರಳಿನಲ್ಲಿ ಬೆಳೆದ ನಮಗೆ ದುಡಿಮೆಯ ಹಿರಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಲ್ಲದವನ ಬೆನ್ನ ಹಿಂದೆ ಸಿಪಾಯಿಯನ್ನು ನಿಲ್ಲಿಸಿ ಮಾಡಿಸುವ ದುಡಿಮೆ ಕಾಯಕವಾಗದೆಂಬುದನ್ನೂ ನಾವು ಬಲ್ಲೆವು. ಹೈಟಿಯ ಕೃಷಿಕರೂ ತಮ್ಮ ರೀತಿಯಲ್ಲಿ ಬಲ್ಲವರಾಗಿದ್ದರು. 1801ರ ಅಕ್ಟೋಬರಿನಲ್ಲಿ ಅವರು ಉತ್ತರದಲ್ಲಿ ದಂಗೆಯೆದ್ದರು. ಅವರ ಪಕ್ಷಪಾತಿಯೆಂದು ಹೆಸರಾದವನು ಮೊಯೀಜ್ ಎಂಬ ಸೇನಾಪತಿ. ತೂಸಾನನು ಮಗನಂತೆ ಸಾಕಿದ ಸೋದರಸಂಬಂಧಿ. ತೂಸಾನನು ದಂಗೆಯನ್ನು ಅಡಗಿಸಿ ಮೊಯೀಜನನ್ನು ಗುಂಡಿಕ್ಕಿ ಕೊಲ್ಲಿಸಿದನು. ಜನರ ಮನಸ್ಸು ಆತನಿಂದ ಸರಿದದ್ದು ಆ ದಿನ. ಆತನಿಗೆ ಬೇರೆ ದಾರಿಯಿರಲಿಲ್ಲವೆಂದು ವಾದಿಸುವ ಚರಿತ್ರಕಾರರಿದ್ದಾರೆ. ತುಂಡು ನೆಲವನ್ನು ಜನರಿಗೆ ಹಂಚಿದ್ದರೆ ಸೈನ್ಯಕ್ಕಿಂತ ಬಲವಾದ ಕೋಟೆ ಅದೇ ಆಗುತ್ತಿತ್ತೆಂದು ನನಗೆ ತೋರುತ್ತದೆ. ಆದರೆ ಇನ್ನೂರು ವರ್ಷಗಳ ಅನಂತರ, ನಿಶ್ಚಿಂತೆಯಿಂದ ಕುಳಿತು ಹಾಗೆ ಹೇಳುವುದು ಸುಲಭವೆಂಬುದನ್ನೂ ಒಪ್ಪಿಕೊಳ್ಳಬೇಕು.

ಅನುಮಾನವು ನಿಜವಾಯಿತು. 1801ರ ಕೊನೆಯಲ್ಲಿ ನೆಪೋಲಿಯನ್ನನು ತನ್ನ ಭಾವ ಲೆಕ್ಲೇರನ ನೇತೃತ್ವದಲ್ಲಿ ಮೊದಲ ಕಂತಿಗೇ ಸುಮಾರು 20 ಸಾವಿರ ಸೈನಿಕರ ದಂಡನ್ನು ಕಳುಹಿಸಿದನು. ಫ್ರಾನ್ಸಿನಲ್ಲಿ ಓದುತ್ತಿದ್ದ ತೂಸಾನನ ಇಬ್ಬರು ಮಕ್ಕಳನ್ನೂ ಅದೇ ದಂಡಿನೊಡನೆ ಕಳುಹಿಸಿ ತಂದೆಯ ಮನಸ್ಸನ್ನು ಕರಗಿಸಲು ಯತ್ನಿಸಿದನು. ತೂಸಾನನು ಕರಗಲಿಲ್ಲ. ಮೂರು ತಿಂಗಳ ಕಾಲ ಘೋರವಾಗಿ ಕಾದಿ, ತನ್ನ ಸೇನಾಪತಿಗಳೊಬ್ಬೊಬ್ಬರಾಗಿ ಶರಣಾದ ಮೇಲೆ ಮೇ ತಿಂಗಳಲ್ಲಿ ತಾನೂ ಕತ್ತಿಯನ್ನಿಳಿಸಿ ತನ್ನ ತೋಟಕ್ಕೆ ತೆರಳಿದನು. ಜೂನ್ 7ರಂದು ಮಾತುಕತೆಗೆಂದು ಕರೆಸಿ ವಂಚನೆಯಿಂದ ಸೆರೆಹಿಡಿದರು. ಫ್ರಾನ್ಸಿನ ಪೂರ್ವದ ಜುರಾ ಪರ್ವತಗಳಲ್ಲಿರುವ ಜೂ ಕೋಟೆಯ ಕಲ್ಲಿನ ಕೋಣೆಯಲ್ಲಿ ಆತನನ್ನಿಟ್ಟರು. ಬಿಸಿಲು ನಾಡಿನ ಆ ಮುದುಕನು ಹಿಮದ ಚಳಿಗೆ ಕುಗ್ಗಿ, ವಿಚಾರಣೆಯೇ ಇಲ್ಲದೆ, 1803ರ ಏಪ್ರಿಲ್ 7ರಂದು ಅಸುನೀಗಿದನು. ಆತನ ಸಮಾಧಿಯ ಗುರುತು ಇಂದು ಉಳಿದಿಲ್ಲ.

ದ್ವೀಪದಲ್ಲಿ ಫ್ರೆಂಚರು ದಾಸ್ಯವನ್ನು ಮರಳಿ ತರುವ ಸುದ್ದಿ ಹರಡಿದೊಡನೆ ಜನರೆಲ್ಲ ಮತ್ತೆ ಎದ್ದರು. ಹಳದಿ ಜ್ವರ ಫ್ರೆಂಚ್ ದಂಡನ್ನು ತಿಂದುಹಾಕಿತು. ಲೆಕ್ಲೇರನೂ ಅದಕ್ಕೆ ಬಲಿಯಾದನು. 1804ರ ಜನವರಿ 1ರಂದು ದೆಸಾಲೀನನು ಸ್ವಾತಂತ್ರ್ಯವನ್ನು ಸಾರಿ, ಅಳಿದುಹೋದ ತೈನೊ ಜನರ ನುಡಿಯಿಂದ ಹೈಟಿ ಎಂಬ ಹೆಸರನ್ನೆತ್ತಿ ನಾಡಿಗಿಟ್ಟನು. ಗುಲಾಮರೇ ಬಂಡೆದ್ದು ಗೆದ್ದು ಕಟ್ಟಿದ ರಾಜ್ಯ ಜಗತ್ತಿನಲ್ಲಿ ಅದೊಂದೇ.

ತೂಸಾನನ ಕಥೆ ಇಲ್ಲಿಗೆ ಮುಗಿಯಿತೆಂದು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಆತನು ಹೆದರಿದ್ದ ದಂಡು 1825ರಲ್ಲಿ ಬೇರೊಂದು ರೂಪದಲ್ಲಿ ಬಂದಿತು. ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸನು ಏಪ್ರಿಲ್ 17ರಂದು ಹೊರಡಿಸಿದ ಶಾಸನದಂತೆ, ಸ್ವಾತಂತ್ರ್ಯಕ್ಕೆ ಮನ್ನಣೆ ಬೇಕಾದರೆ ಹೈಟಿಯು 15 ಕೋಟಿ ಫ್ರಾಂಕುಗಳನ್ನು ಐದು ಕಂತುಗಳಲ್ಲಿ ತೆರಬೇಕು. ಈ ಪರಿಹಾರ ಹಿಂದಿನ ತೋಟಗಾರರ ನಷ್ಟಕ್ಕೆ. ಆ ನಷ್ಟದ ಲೆಕ್ಕದಲ್ಲಿ ಕೈತಪ್ಪಿದ ಗುಲಾಮರ ಬೆಲೆಯೂ ಸೇರಿತ್ತು. ಬಿಡುಗಡೆ ಹೊಂದಿದವರು ತಮ್ಮ ದೇಹಗಳ ಬೆಲೆಯನ್ನು ತಾವೇ ಒಡೆಯರಿಗೆ ಕೊಡಬೇಕಾಯಿತು. ಶಾಸನವನ್ನು ಹೊತ್ತು ತಂದದ್ದು 14 ಯುದ್ಧನೌಕೆಗಳು. ಅಧ್ಯಕ್ಷ ಬ್ವಾಯೆ ಸಹಿ ಹಾಕಿದನು. ಮೊದಲ ಕಂತಿಗೇ ಹಣ ಸಾಲದೆ ಪ್ಯಾರಿಸಿನ ಸಾಹುಕಾರರಿಂದ 3 ಕೋಟಿ ಸಾಲವೆತ್ತಿದಾಗ ಅವರು 60 ಲಕ್ಷವನ್ನು ಮೊದಲೇ ಮುರಿದುಕೊಂಡು 2 ಕೋಟಿ 40 ಲಕ್ಷವನ್ನಷ್ಟೇ ಕೊಟ್ಟರು. ನಮ್ಮ ಹಳ್ಳಿಗಳ ಲೇವಾದೇವಿಗಾರರೂ ಹೀಗೆಯೇ ಬಡ್ಡಿಯನ್ನು ಮೊದಲೇ ಮುರಿದುಕೊಳ್ಳುತ್ತಿದ್ದುದನ್ನು ಹಿರಿಯರು ಬಲ್ಲರು. ಪರಿಹಾರವನ್ನು 1838ರಲ್ಲಿ ಒಟ್ಟು 9 ಕೋಟಿಗೆ ಇಳಿಸಿದರಾದರೂ ಸಾಲಕ್ಕೆ ಸಾಲ ಹುಟ್ಟುತ್ತಲೇ ಹೋಯಿತು. ಅದಕ್ಕೆ ಸಂಬಂಧಿಸಿದ ಋಣದ ಕೊನೆಯ ಎಳೆಗಳು ತೀರಿದ್ದು 1947ರಲ್ಲಿ, ನಾವು ಸ್ವತಂತ್ರರಾದ ವರ್ಷ.

ಈ ಹಣವನ್ನು ಕೊಟ್ಟವರು ಯಾರು? ಗುಡ್ಡಗಳ ಇಳಿಜಾರಿನಲ್ಲಿ ಕಾಫಿ ಬೆಳೆದ ಸಣ್ಣ ರೈತರು. ರಫ್ತಾಗುವ ಕಾಫಿಯ ಮೇಲಿನ ಸುಂಕವೇ ಬೊಕ್ಕಸದ ಮುಖ್ಯ ಆದಾಯ. ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹೋಗಬೇಕಾದ ಹಣ ಸಮುದ್ರ ದಾಟಿತು. ಕಂತು ಕಟ್ಟುವ ಆತುರದಲ್ಲಿ ಬ್ವಾಯೆ 1826ರಲ್ಲಿ ತಂದ ಗ್ರಾಮೀಣ ಕಾಯಿದೆ ಕೃಷಿಕರನ್ನು ಮತ್ತೆ ತೋಟಗಳಿಗೆ ಕಟ್ಟಿಹಾಕಲು ಯತ್ನಿಸಿತು. ತೂಸಾನನ ಹಳೆಯ ತಪ್ಪನ್ನೇ ಆತನೂ ಮಾಡಿದನು. ಜನರು ಈ ಬಾರಿ ಕೋವಿ ಹಿಡಿಯಲಿಲ್ಲ. ಬೆಟ್ಟ ಹತ್ತಿಹೋದರು, ಕಾಯಿದೆ ಕಾಗದದಲ್ಲುಳಿಯಿತು. ಆದರೆ ಬಂದರಿನಲ್ಲಿ ಕುಳಿತು ಸುಂಕ ವಸೂಲು ಮಾಡುವ ಪಟ್ಟಣದವರಿಗೂ ಬೆಟ್ಟದಲ್ಲಿ ಬೆಳೆಯುವವರಿಗೂ ನಡುವೆ ಅಂದು ಬಿದ್ದ ಬಿರುಕು ಇಂದಿಗೂ ಕೂಡಿಲ್ಲ.

ಅನಂತರದ ಅಧ್ಯಾಯಗಳು ಒಂದರ ಬೆನ್ನಿಗೊಂದು. 1914ರ ಡಿಸೆಂಬರಿನಲ್ಲಿ ಅಮೆರಿಕದ ನಾವಿಕ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ನ್ಯೂಯಾರ್ಕಿಗೆ ಸಾಗಿಸಿದರು. 1915ರಿಂದ 1934ರವರೆಗೆ ಅಮೆರಿಕವು ದೇಶವನ್ನೇ ಆಕ್ರಮಿಸಿಕೊಂಡಿತ್ತು. ರಸ್ತೆ ಮಾಡಲು ಹಳ್ಳಿಗರನ್ನು ಬಿಟ್ಟಿ ಹಿಡಿಯಿತು. ಅದರ ವಿರುದ್ಧ ಎದ್ದ ರೈತರ ನಾಯಕ ಶಾರ್ಲ್‌ಮಾಞ್ ಪೆರಾಲ್ತ್ 1919ರಲ್ಲಿ ಹತನಾದನು. 1957ರಿಂದ 1986ರವರೆಗೆ ದುವಾಲಿಯೆ ತಂದೆಮಕ್ಕಳ ದಬ್ಬಾಳಿಕೆ ನಡೆಯಿತು. ಹಳ್ಳಿ ಪಟ್ಟಣಗಳ ಜನರ ಚಳವಳಿ ಅದನ್ನು ಕಿತ್ತೊಗೆಯಿತು. 1995ರಲ್ಲಿ ವಿದೇಶೀ ನೆರವಿನ ಷರತ್ತಿಗೆ ಕಟ್ಟುಬಿದ್ದು ಅಕ್ಕಿಯ ಆಮದು ಸುಂಕವನ್ನು ಶೇಕಡಾ 3ಕ್ಕೆ ಇಳಿಸಿದಾಗ, ಅಮೆರಿಕದ ಅಗ್ಗದ ಅಕ್ಕಿ ಬಂದು ಹೈಟಿಯ ಭತ್ತದ ರೈತರನ್ನು ಗದ್ದೆಯಿಂದೆಬ್ಬಿಸಿ ರಾಜಧಾನಿಯ ಕೊಳೆಗೇರಿಗಳಿಗೆ ದೂಡಿತು. 2008ರ ಏಪ್ರಿಲಿನಲ್ಲಿ ಆಹಾರದ ಬೆಲೆ ಏರಿದಾಗ ಬೀದಿಗಿಳಿದವರಲ್ಲಿ ಆ ಕೊಳೆಗೇರಿಗಳವರೇ ಬಹುಮಂದಿ, ಪ್ರಧಾನಿ ಪದಚ್ಯುತನಾದನು. 2018ರಲ್ಲಿ ಇಂಧನದ ಬೆಲೆಗಾಗಿ ಎದ್ದ ಪ್ರತಿಭಟನೆ ಬೇಗನೆ ಲೆಕ್ಕ ಕೇಳುವ ಚಳವಳಿಯಾಗಿ ಬೆಳೆಯಿತು: ವೆನೆಜುವೆಲಾದಿಂದ ಸಾಲದ ಮೇಲೆ ಬಂದ ತೈಲದ ಹಣ ಎಲ್ಲಿ ಹೋಯಿತೆಂಬುದು ಯುವಜನರ ಪ್ರಶ್ನೆ. ದೋಷವನ್ನೆಲ್ಲ ಪರದೇಶದವರ ತಲೆಗೆ ಕಟ್ಟುವುದು ಸರಿಯಲ್ಲ. ಸ್ವದೇಶದ ಅಧಿಕಾರಿಗಳೂ ಸೇನಾಪತಿಗಳೂ ಸುಲಿದದ್ದು ಕಡಿಮೆಯೇನಲ್ಲ. ಆದರೆ ಹುಟ್ಟಿದೊಡನೆ ಸಾಲಗಾರನಾದ ಕೂಸು ಒಳ್ಳೆಯ ಗೃಹಸ್ಥನಾಗಲಿಲ್ಲವೆಂದು ನೆರೆಯವರು ದೂರುವಾಗ, ಸಾಲಪತ್ರ ಬರೆಯಿಸಿಕೊಂಡವರನ್ನೂ ಕರೆದು ಕೇಳಬೇಕಾಗುತ್ತದೆ.

ಹಾಗೆ ಕರೆದು ಕೇಳಿದವನೊಬ್ಬನುಂಟು. ಪಾದ್ರಿಯಾಗಿದ್ದು ಬಡವರ ಬೆಂಬಲದಿಂದ ಅಧ್ಯಕ್ಷನಾದ ಅರಿಸ್ತೀದನು 2003ರ ಏಪ್ರಿಲ್ 7ರಂದು, ತೂಸಾನನು ಮಡಿದು ಸರಿಯಾಗಿ 200 ವರ್ಷಗಳು ತುಂಬಿದ ದಿನ, 1825ರ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆಂದು ಫ್ರಾನ್ಸನ್ನು ಬಹಿರಂಗವಾಗಿ ಕೇಳಿದನು. ಆತನ ಲೆಕ್ಕದಲ್ಲಿ ಅದು 2,168 ಕೋಟಿ ಡಾಲರುಗಳನ್ನು ಮೀರಿತ್ತು. ಹನ್ನೊಂದು ತಿಂಗಳು ತುಂಬುವ ಮೊದಲೇ, 2004ರ ಫೆಬ್ರವರಿ 29ರಂದು, ಒಳಗಿನ ಸಶಸ್ತ್ರ ದಂಗೆ ಮತ್ತು ಅಮೆರಿಕ ಫ್ರಾನ್ಸುಗಳ ಒತ್ತಡಗಳ ನಡುವೆ ಆತನು ದೇಶವನ್ನು ಬಿಟ್ಟು ಹೋಗಬೇಕಾಯಿತು. ಬೇಡಿಕೆಯನ್ನು ಮುಂದೆ ಬಂದ ಸರ್ಕಾರ ಕೈಬಿಟ್ಟಿತು. ಜನರು ಬಿಡಲಿಲ್ಲ; ಹೈಟಿಯ ಮೆರವಣಿಗೆಗಳಲ್ಲಿ ಆ ಮಾತು ಮತ್ತೆ ಮತ್ತೆ ಕೇಳಿಬಂದಿತು.

ಫ್ರಾನ್ಸು ತೂಸಾನನಿಗೆ ಗೌರವ ಸಲ್ಲಿಸಿಲ್ಲವೆಂದಲ್ಲ. ಪ್ಯಾರಿಸಿನಲ್ಲಿ ರಾಷ್ಟ್ರದ ಮಹನೀಯರ ಸ್ಮಾರಕವಾದ ಪಾಂತೆಯೊನಿನ ಗೋಡೆಯ ಮೇಲೆ 1998ರಲ್ಲಿ ಆತನ ಹೆಸರನ್ನು ಕೆತ್ತಿಸಿದರು. 2025ರ ಏಪ್ರಿಲ್ 17ರಂದು, ಹತ್ತನೆಯ ಚಾರ್ಲ್ಸನ ಶಾಸನಕ್ಕೆ 200 ವರ್ಷಗಳು ತುಂಬಿದಾಗ, ಅಧ್ಯಕ್ಷ ಮ್ಯಾಕ್ರಾನ್ ಆ ಹೇರಿಕೆಯ ಅನ್ಯಾಯವನ್ನು ಒಪ್ಪಿಕೊಂಡು, ಅದರ ಪರಿಣಾಮಗಳನ್ನು ಪರಿಶೀಲಿಸಲು ಎರಡೂ ದೇಶಗಳ ಚರಿತ್ರಕಾರರ ಸಮಿತಿಯೊಂದನ್ನು ರಚಿಸುವುದಾಗಿ ಪ್ರಕಟಿಸಿದರು. ಹಣವನ್ನು ಹಿಂದಿರುಗಿಸುವ ಮಾತು ಆ ಪ್ರಕಟಣೆಯಲ್ಲಿರಲಿಲ್ಲ.